ಹಿತ್ತಾಳೆಯ ಹಲ್ಲು

ಬಾಲ್ಟಿಕ್ ಕಡಲ ಹೀಯುಮಾ ದ್ವೀಪದಲ್ಲಿ
ದೋಣಿ ಕಟ್ಟುವ ಎಂಡೆಲ್
ಮೊದಲ ದಿನ ನನ್ನ ಕೈಗಿಟ್ಟದ್ದು
ಉಳಿಯಲ್ಲ, ಗರಗಸವಲ್ಲ,
ಸೀಮೆಎಣ್ಣೆಯ ಡಬ್ಬಿಯಲ್ಲಿ ಮುಳುಗಿದ್ದ ಒಂದು ಕೈಬೈರಿಗೆ.
"ನೆನೆಯಲಿ ಮೂರು ದಿನ," ಅಂದ,
"ತುಕ್ಕಿಗೆ ನಮಗಿಂತ ಪುರುಸೊತ್ತು ಜಾಸ್ತಿ."

ನಾಲ್ಕನೆಯ ದಿನ ಬಿಚ್ಚಿದೆ.
ಬಾಯೊಳಗೆ ಮೂರು ದವಡೆ, ಎರಡಕ್ಕೇ ಸ್ಪ್ರಿಂಗು;
ಮೂರನೆಯದಕ್ಕೆ ನನ್ನ ಬಾಲ್‌ಪೆನ್ನಿನದನ್ನು
ಕತ್ತರಿಸಿ ಕೂರಿಸಿದೆ. ಪೆನ್ನು ಮೂಕಾಯಿತು,
ಬೈರಿಗೆ ಮೊನೆ ಕಚ್ಚಿತು.

ಹಲ್ಲುಜ್ಜುವ ಹಳೇ ಬ್ರಷ್ಷಿನಿಂದಲೇ
ಚಕ್ರದ ಹಲ್ಲುಗಳನ್ನೂ ಉಜ್ಜಿದೆ.
ಅಚ್ಚಿಗೆ ಒಂದು ತೊಟ್ಟು ಎಣ್ಣೆ, ಒಂದೇ.
ಗ್ರೀಸು ಬಳಿಯಹೋದಾಗ ಕೈ ಹಿಡಿದ:
"ಜಿಡ್ಡು ಕಂಡರೆ ಮರದ ಹೊಟ್ಟು ನೆಂಟರಂತೆ ಬರುತ್ತದೆ,
ಬಂದದ್ದು ಏಳುವುದಿಲ್ಲ."
ಹಿಡಿಯ ಮರಕ್ಕೆ ಅಗಸೆ ಎಣ್ಣೆ,
ಅಂಗೈ ಬಿಸಿಯಾಗುವವರೆಗೆ ತಿಕ್ಕಿ.

ಆಮೇಲೆ ತೂತು.
ಮೊದಲು ದಬ್ಬಳದಿಂದ ಒಂದು ಚುಕ್ಕೆ,
ಇಲ್ಲದಿದ್ದರೆ ಮೊನೆ ಅಲೆಮಾರಿ.
ಒತ್ತುವ ಕೈ ನೆಟ್ಟಗೆ, ತಿರುಗಿಸುವ ಕೈ ಸಾವಕಾಶ.
ಐದಾರು ಸುತ್ತಿಗೊಮ್ಮೆ ಹೊರಗೆಳೆದು ಸಿಪ್ಪೆ ಉದುರಿಸು;
ತುಂಬಿದ ಬಾಯಲ್ಲಿ ಯಾರೂ ಅಗಿಯಲಾರರು.
ಪೈನ್ ಹಲಗೆ ಹಳದಿ ಸುರುಳಿ ಬಿಡುತ್ತಿತ್ತು,
ಊಟದ ರೊಟ್ಟಿಗೂ ಅದರ ರಾಳದ ವಾಸನೆ.

ದೊಡ್ಡ ಚಕ್ರದಲ್ಲಿ ಒಂದು ಹಲ್ಲು ಮುರಿದಿತ್ತು.
ಸುತ್ತಿಗೊಂದು ಸಲ, ಟಕ್.
ಬೈರಿಗೆ ಹಿಡಿದರೆ ಎಂಡೆಲ್‌ಗೆ ಮಾತು ಬರುವುದು:
ಟಕ್, ಹೆರಿಂಗ್ ಮೀನು ಬಾರದ ವರ್ಷ,
ಟಕ್, ಅಕ್ಕ ವಾಯ್ಕೆಯ ಮದುವೆಗೆ ಬಂದ ಕುಡುಕ ಪಾದ್ರಿ, ಟಕ್,
ಕಣ್ಣೆಲ್ಲೋ, ಕೈಯೆಲ್ಲೋ,
ಆದರೂ ತೂತು ಬೇಕಾದಷ್ಟೇ ಆಳಕ್ಕೆ ನಿಲ್ಲುತ್ತಿತ್ತು.
ನಾನದನ್ನು ಅನುಭವ ಅಂದುಕೊಂಡೆ.
ಆ ಟಕ್ ಮಾತ್ರ ನನ್ನನ್ನು ಚುಚ್ಚುತ್ತಿತ್ತು,
ಇಷ್ಟು ಉಜ್ಜಿದರೂ ಇನ್ನೂ ಕುಂಟುತ್ತದಲ್ಲ.

ಅವನು ಪೇಟೆಗೆ ಹೋದ ಮಂಗಳವಾರ
ಮುರಿದ ಜಾಗಕ್ಕೆ ಹಿತ್ತಾಳೆ ಕರಗಿಸಿ ಬೆಸೆದೆ.
ಸಂಜೆಯತನಕ ಅರ ಹಿಡಿದು
ಪಕ್ಕದ ಹಲ್ಲುಗಳ ಅಳತೆಗೆ ತಂದೆ.
ತಿರುಗಿಸಿದರೆ ಬೆಣ್ಣೆ.

ಬುಧವಾರ, ವಿರ್ವೆಯ ಹೊಸ ದೋಣಿ.
ಒಳಗಿನಿಂದ ಪಟ್ಟಿ ಕೂರಿಸಲು ಕುರುಡು ತೂತು,
ಹಲಗೆಯ ಅರ್ಧಕ್ಕೆ ನಿಲ್ಲಬೇಕು.
ಎಂಡೆಲ್ ಕತೆ ಶುರುಮಾಡಿದ:
ಕಡಲು ಹೆಪ್ಪುಗಟ್ಟಿದ ಚಳಿಗಾಲ, ಮಂಜಿನ ಮೇಲಿನ ದಾರಿ,
ಅಣ್ಣನ ಟ್ರಕ್ಕು, ಹಿಂದೆ ಕಟ್ಟಿದ ಹಸು,
ನಡುದಾರಿಯಲ್ಲಿ ಕೇಳಿಸಿದ ಬಿರುಕು...
ಬೈರಿಗೆ ಒಮ್ಮೆಯೂ ಬಾಯಿ ಹಾಕಲಿಲ್ಲ.
ಮೊನೆ ಹೊರಗೆಳೆದಾಗ ಅವನ ಮೊಣಕಾಲಿನ ಮೇಲೆ
ಕಡಲೆಕಾಳಿನಷ್ಟು ಬಿಸಿಲು.

ಬಗ್ಗಿ, ತೂತಿಗೆ ಕಣ್ಣಿಟ್ಟು ನೋಡಿದ.
"ಸಮುದ್ರ ಕಾಣುತ್ತದೆ," ಅಂದ.
ಚಕ್ರ ತಿರುಗಿಸುತ್ತ ತಿರುಗಿಸುತ್ತ
ಹೆಬ್ಬೆರಳು ನನ್ನ ಹಿತ್ತಾಳೆಯ ಮೇಲೆ ನಿಂತಿತು.
"ಒಳ್ಳೆ ಕೆಲಸ. ಹದಿನೇಳು ಟಕ್‌ಗೆ ನಿಲ್ಲಿಸುತ್ತಿದ್ದೆ."
ನಲವತ್ತು ವರ್ಷ ಕಿವಿ ಎಣಿಸಿತ್ತು,
ಬಾಯಿ ಬಿಡುವಾಗಿತ್ತು.

ಜೂನಿಪರ್ ಕೊಂಬೆ ಕೆತ್ತಿ ಬೆಣೆ ಹೊಡೆದೆವು;
ನೀರು ಕುಡಿದರೆ ಉಬ್ಬಿ ಹಿಡಿಯುತ್ತದೆ.
ವಿರ್ವೆಗೆ ಮುಚ್ಚಿಡಲಿಲ್ಲ.
ಅವಳೂ ಐದು ಯೂರೋ ಕಡಿತ ಮಾಡದೆ ಬಿಡಲಿಲ್ಲ.

ಹಲ್ಲನ್ನು ಮತ್ತೆ ಅರದಿಂದ ತೆಗೆಯಹೋದೆ. ಒಪ್ಪಲಿಲ್ಲ.
"ಬೆಸೆದದ್ದನ್ನು ಬಿಡಿಸಬಾರದು. ನೀನೇ ಎಣಿಸು."

ಈಗ ಅವನು ತಿರುಗಿಸುತ್ತಾನೆ, ಮಾತಾಡುತ್ತಾನೆ.
ನಾನು ಪಕ್ಕದಲ್ಲಿ, ಹಿಡಿಯ ಸುತ್ತಿನ ಮೇಲೆ ಕಣ್ಣು,
ಒಂದು, ಎರಡು, ಮೂರು,
ಹದಿನೇಳಕ್ಕೆ ಭುಜ ಮುಟ್ಟುತ್ತೇನೆ.
ಎಣಿಸುವಾಗ ಕತೆ ಕಿವಿಗೆ ಇಳಿಯುವುದಿಲ್ಲ.
ಆ ಹಸು ಮಂಜು ದಾಟಿತೋ ಇಲ್ಲವೋ
ಇವತ್ತಿಗೂ ನನಗೆ ಗೊತ್ತಿಲ್ಲ.
ಮೂರು ಸಲ ಹೇಳಿ ಮುಗಿಸಿದ್ದಾನಂತೆ,
ನನ್ನೆದುರಿಗೇ.