ಕಳೆದ ವಸ್ತುಗಳ ಕಚೇರಿಗೆ

ಡಂಡೀ ಊರಿನ ಗ್ರಂಥಾಲಯ, ಕಿಟಕಿ ಪಕ್ಕದ ಕಂಪ್ಯೂಟರು.
ಬಸ್ ಕಂಪನಿಯ ಕಳೆದ ವಸ್ತುಗಳ ಕಚೇರಿಗೆ
ಗುಮಾಸ್ತೆ ಬೇಕಂತೆ.
'ಅರ್ಜಿಯಲ್ಲಿ ಸ್ವಂತದ್ದೇನಾದರೂ ಬರಿ, ಐಲ್ಸಾ,' ಅಂದಿದ್ದ
ಉದ್ಯೋಗ ಕೇಂದ್ರದ ಹುಡುಗ,
'ಆದರೆ ತೀರ ಸ್ವಂತದ್ದು ಬೇಡ.'

ಮಾನ್ಯರೇ,
ಆರು ವರ್ಷ ಅಮ್ಮನ ಮನೆಯಲ್ಲಿ
ಹುಡುಕುವುದೇ ನನ್ನ ಕಸುಬಾಗಿತ್ತು.
ಹಲ್ಲಿನ ಸೆಟ್ಟು ಬ್ರೆಡ್ಡಿನ ಡಬ್ಬಿಯಲ್ಲಿ,
ಪಿಂಚಣಿ ಕಾಗದ ಓವನ್ನಿನಲ್ಲಿ, ಪುಣ್ಯಕ್ಕೆ ಉರಿ ಹಚ್ಚಿರಲಿಲ್ಲ,
ಮದುವೆಯುಂಗುರ ಕಾಲುಚೀಲದ ತುದಿಯಲ್ಲಿ
ಒಣ ಬಟಾಣಿಯ ಹಾಗೆ.
ಕಳೆದದ್ದು ದೂರ ಹೋಗುವುದಿಲ್ಲ ಮಾನ್ಯರೇ,
ಕೈ ಎಲ್ಲಿ ದಣಿಯಿತೋ ಅಲ್ಲೇ ಕೂತಿರುತ್ತದೆ.

ಕಳ್ಳಿ ಅಂದಳು. ಹೂಂ ಅಂದೆ.
ರೇಗಿದವರ ಮುಂದೆ ಮೆಲ್ಲಗೆ ಮಾತಾಡುವುದು
ಹಾಗೆ ಬಂದ ವಿದ್ಯೆ.

ಇಲ್ಲಿಗೆ ಅರ್ಧ ಪುಟ.
ಆಮೇಲಿನದ್ದು ಬೆರಳು ತಾನಾಗಿ ಒತ್ತಿತು:

ಕೊನೆಯ ಚಳಿಗಾಲ, ನನ್ನ ತೋಳು ಹಿಡಿದು ಕೇಳಿದಳು,
'ನನಗೊಬ್ಬ ಮಗಳಿದ್ದಳು, ಕಂಡಿರಾ?'
'ಯಾವ ಬಣ್ಣದ ಕೋಟು?'
'ಕೆಂಪು. ಒಂದು ಗುಂಡಿ ಬಿದ್ದುಹೋಗಿದೆ.'
'ಎಷ್ಟು ಎತ್ತರ?'
ತನ್ನ ಸೊಂಟ ಮುಟ್ಟಿ ತೋರಿಸಿದಳು.
'ಸಿಕ್ಕರೆ ತಿಳಿಸುತ್ತೇನೆ,' ಅಂದೆ.

ಅಳಿಸಿದೆ. ಮತ್ತೆ ಬರೆದೆ.
ಒಂಬತ್ತು ನಿಮಿಷ ಉಳಿದಿದೆ ಅಂತ ಪರದೆ ಮಿಣುಕಿತು.
ಪಕ್ಕದ ಮುದುಕ ಮುದ್ರಣಯಂತ್ರಕ್ಕೆ ಬೈಯುತ್ತಿದ್ದ.
ಅಳಿಸಿದೆ.

ಕೊನೆಗೆ ಕಳಿಸಿದ್ದು:
ಕಳೆದುಕೊಂಡವರು ಹೇಳುವ ಗುರುತುಗಳನ್ನು
ತಾಳ್ಮೆಯಿಂದ ಕೇಳಿ ಬರೆದುಕೊಂಡ ಅನುಭವವಿದೆ.
ಶನಿವಾರವೂ ಬರಬಲ್ಲೆ.