ಗುರುತು

ಕ್ಲಾಕ್ಸ್‌ವಿಕ್ ಆಸ್ಪತ್ರೆ, ಎರಡನೇ ಮಹಡಿ, ಮಂಗಳವಾರ.
ಅಂಗಿ ಕಳಚಿ ಸ್ಟೂಲಿನ ಮೇಲೆ ಕೂತಿದ್ದೇನೆ.
"ಹಿಂದಿನ ಜೇಬಿನಲ್ಲಿ ಪಾಕೀಟು ಹುಡುಕುವ ಹಾಗೆ
ಕೈ ಇಟ್ಟುಕೊಳ್ಳಿ, ತುಮ್ಮಸ್" ಅನ್ನುತ್ತಾಳೆ ಡಾಕ್ಟರು.
ಹುಡುಕುತ್ತೇನೆ. ಹೆಗಲು ಲಟಕ್ಕೆನ್ನುತ್ತದೆ:
ಮೂವತ್ತೆಂಟು ವರ್ಷ ಗಾಳದ ಹಗ್ಗ ಎಳೆದದ್ದು,
ಈಗ ಕೋಟಿನ ತೋಳಿಗೆ ಹೊಗಲು
ಮೂರು ನಿಮಿಷ ಬೇಡುತ್ತದೆ.

ಹೋದ ವರ್ಷ ಮುದಿ ಡಾಕ್ಟರು ಸೂಜಿ ಹಾಕಿದ್ದರು
ಬರೀ ಹೆಬ್ಬೆರಳನ್ನು ನಂಬಿ.
ಎಲುಬಿನ ಮೂಲೆ ತಡವಿ, ಅಲ್ಲಿಂದ ಎರಡು ಬೆರಳು ಕೆಳಗೆ,
ತುಸು ಒಳಕ್ಕೆ, ಮಿಕ್ಕದ್ದು ದೇವರಿಗೆ.
ಅವರ ತಪ್ಪೆನ್ನಲಾರೆ.
ನನ್ನಪ್ಪ ಮೀನಿನ ಜಾಗ ಹಿಡಿಯುತ್ತಿದ್ದದ್ದೂ ಹಾಗೆಯೇ:
ಇಗರ್ಜಿಯ ಬಿಳಿಗೋಡೆ ಕುನೋಯ್ ಗುಡ್ಡದ ಸೀಳಿಗೆ ಸರಿಯಾಗಿ ಕೂತಾಗ,
ಬಲಗಡೆಯ ಕರಿಬಂಡೆ ದೀಪಸ್ತಂಭದ ಹಿಂದೆ ಅಡಗಿದಾಗ,
ನಿಲ್ಲಿಸು. ಇಲ್ಲೇ. ಹಗ್ಗ ಬಿಡು.
ಆ ಗುರುತುಗಳನ್ನು ಯಾರಿಗೂ ಹೇಳುತ್ತಿರಲಿಲ್ಲ,
ಅಮ್ಮನಿಗೂ.
ಮಂಜು ಕವಿದ ದಿನ ಮಾತ್ರ
ನೀರು ಗುಡ್ಡ ಎಲ್ಲ ಒಂದೇ ಬೂದಿ;
ಹುಟ್ಟಿನ ಮೇಲೆ ಗದ್ದವೂರಿ ಸುಮ್ಮನೆ ಕೂತಿರುತ್ತಿದ್ದ.

ಹೋದ ವರ್ಷದ ಸೂಜಿ ಮಂಜಿನಲ್ಲಿ ಬಿತ್ತು.

ಇವಳು ರನ್ವಾ. ನನ್ನ ದೋಣಿಯಲ್ಲಿದ್ದ ಬೊಗಿಯ ಮಗಳು.
ವಿಂಚಿಗೆ ಸಿಕ್ಕು ಅವನ ಕಿರುಬೆರಳು ಹೋದಾಗ
ಇವಳಿಗೆ ನಾಲ್ಕು ವರ್ಷ. ವಿಂಚಿನ ಹಿಡಿಕೆ ನನ್ನ ಕೈಯಲ್ಲಿತ್ತು.
ಆ ಮಾತನ್ನು ಇಬ್ಬರೂ ಎತ್ತುವುದಿಲ್ಲ.
ತಣ್ಣನೆಯ ಜೆಲ್ ಸವರಿ, ಸೋಪಿನಷ್ಟೇ ದೊಡ್ಡ ಯಂತ್ರವನ್ನು
ಹೆಗಲಿಗೆ ಒತ್ತುತ್ತಾಳೆ. ಪರದೆ ಬೆಳಗುತ್ತದೆ.

ಅರೆ, ಇದು ನನಗೆ ಗೊತ್ತು!
ಚುಕ್ಕಾಣಿ ಕೋಣೆಯ ಎಕೋ ಸೌಂಡರು,
ಎಂಬತ್ತೊಂದರಲ್ಲಿ ಸಾಲ ಮಾಡಿ ತಂದದ್ದು,
ಅಪ್ಪ ಸಾಯುವ ತನಕ ಅದಕ್ಕೆ ಬೆನ್ನು ಹಾಕಿ ನಿಂತದ್ದು.
ಕೆಳಗೊಂದು ಬಿಳಿ ಗೆರೆ. ತಳ, ಅಂದುಕೊಂಡೆ.
"ಎಲುಬು" ಅಂದಳು.
ಅದರಾಚೆ ಕತ್ತಲು; ಅಲ್ಲಿಂದ ಯಾವ ಸದ್ದೂ ಮರಳಿ ಬರುವುದಿಲ್ಲ.
ಮೇಲೆ ನಾರುನಾರಾದ ಪಟ್ಟಿ, ಅಲ್ಲಲ್ಲಿ ಎಳೆ ಬಿಟ್ಟದ್ದು.
"ಹಗ್ಗ" ಅಂದೆ.
"ಹಗ್ಗವೇ. ತುಂಬ ಉಜ್ಜಿಹೋಗಿದೆ."
ಅದರ ಬೆನ್ನಿಗಂಟಿ ಕೂದಲೆಳೆಗಿಂತ ತುಸು ದಪ್ಪಗೆ ಕಪ್ಪು:
ಊದಿಕೊಂಡ ಚೀಲ. ಹೋಗಬೇಕಾದ್ದು ಅಲ್ಲಿಗೆ.

ಚುಚ್ಚಿದಳು. ನಾನು ಹೆಗಲನ್ನು ಮರೆತು ಪರದೆ ನೋಡಿದೆ.
ಬಲದಿಂದ ಹೊಳೆಯುವ ಗೆರೆಯೊಂದು ಇಳಿಯುತ್ತ ಇಳಿಯುತ್ತ
ನಡುವೆಯೇ ಮಾಯ.
ಅವಳ ಉಸಿರು ನಿಂತಿತು.
"ಎಡಕ್ಕೆ" ಅಂದುಬಿಟ್ಟೆ, ಹಳೇ ಚಾಳಿ.
ನರ್ಸು ನಕ್ಕಳು. ರನ್ವಾ ನಗಲಿಲ್ಲ.
ಮಣಿಕಟ್ಟನ್ನು ಎಳ್ಳಷ್ಟು ಎಡಕ್ಕೇ ವಾಲಿಸಿದಳು.
ಮತ್ತೆ ಮಿಂಚಿತು ಸೂಜಿ.
ಕಪ್ಪು ಮೆಲ್ಲಗೆ ಬಾಯಿ ಬಿಟ್ಟಿತು,
ಮದ್ದು ಹರಡಿತು, ಇಳಿತ ಮುಗಿದ ಮೇಲೆ
ಬಂಡೆಯ ಸಂದಿಗೆ ನೀರು ಮೊದಲು ಬರುವ ಹಾಗೆ.

"ಈಗ ಎತ್ತಿ."
ಎತ್ತಿದೆ. ಕಿವಿಯ ತನಕ ಬಂತು, ಯಾರದ್ದೋ ಕೈಯ ಹಾಗೆ.
"ಹಿಗ್ಗಬೇಡಿ. ಇದು ಮರಗಟ್ಟಿಸುವ ಮದ್ದು, ರಾತ್ರಿಗೆ ಇಳಿಯುತ್ತದೆ.
ಸ್ಟೆರಾಯ್ಡಿಗೆ ನಾಲ್ಕು ದಿನ ಕೊಡಿ. ಮೂರು ತಿಂಗಳು ತಡೆದೀತು,
ತಡೆಯದೆಯೂ ಇದ್ದೀತು. ವ್ಯಾಯಾಮ ಬಿಡಬೇಡಿ."
ಅಪ್ಪನ ಹಾಗಲ್ಲ ಹುಡುಗಿ:
ಬೊಗಿ ಹಿಡಿದ ಮೀನು ಮನೆ ಮುಟ್ಟುವಷ್ಟರಲ್ಲಿ
ಒಂದು ಮೊಳ ಬೆಳೆದಿರುತ್ತಿತ್ತು.

ಬಾಗಿಲ ಬಳಿ ನಿಂತು ಕೊನೆಗೂ ಕೇಳಿದೆ:
ಬೊಗಿಯ ಕೈ ಹೇಗಿದೆ?
"ಚಳಿಗೆ ನೋಯುತ್ತದಂತೆ" ಅಂದಳು ಕೈ ತೊಳೆಯುತ್ತ,
"ಇಲ್ಲದ ಬೆರಳು.
ಅದಕ್ಕೆ ಎಲ್ಲಿ ಚುಚ್ಚಲಿ?"

ಕೋಟು ಹಾಕಿಕೊಂಡೆ.
ತೋಳು ಸಲೀಸಾಗಿ ಒಳಗೆ ಹೋಯಿತು.