ಐದನೆಯ ಪೆಟ್ಟಿಗೆ

ಗುರುವಾರ ನಸುಕಿಗೇ ಹೊರಡಬೇಕು.
ಗಂಟೆ ಹತ್ತಾದರೆ ಸ್ಟಿಯರಿಂಗು
ಒಲೆಯ ಮೇಲಿನ ಬಾಣಲೆಯ ಹಿಡಿ.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ಡೆಲ್ಫಿನಾ ಅರ್ವೀಸು.
ಈಗ ಟ್ರಕ್ಕಿನ ಬೆನ್ನಲ್ಲಿ ಮಕ್ಕಳ ಬದಲು
ನಲವತ್ತು ಕ್ಯಾನು ನೀರು.
ಇವೂ ಹಾಗೇ,
ತಿರುವಿನಲ್ಲಿ ಒಂದರ ಮೇಲೊಂದು ಬಿದ್ದು ಗುಲ್ಲೆಬ್ಬಿಸುತ್ತವೆ,
ಕನ್ನಡಿಯಲ್ಲಿ ಗದರಿಸಿ ನೋಡಿದರೆ ಸುಮ್ಮನಾಗುತ್ತವೆ.

ಗಡಿಕಂಬದಿಂದ ಉತ್ತರಕ್ಕೆ ಒಂದು ಕಾಲುದಾರಿ,
ಕೆನಡಾ ತನಕವಂತೆ. ನಾನು ಬಲ್ಲದ್ದು
ಮೊದಲ ಎಂಬತ್ತು ಮೈಲಿ.
ಅಷ್ಟರಲ್ಲಿ ಹೊಳೆಯಿಲ್ಲ, ಮರವೆನ್ನುವಂಥ ಮರವಿಲ್ಲ,
ದನದ ತೊಟ್ಟಿಯ ತಳದಲ್ಲಿ ಪಾಚಿ,
ಪಾಚಿಯ ಮೇಲೆ ಸತ್ತ ಗುಬ್ಬಿ.
ಅದಕ್ಕೇ ಐದು ಕಬ್ಬಿಣದ ಪೆಟ್ಟಿಗೆ,
ಮುಚ್ಚಳದ ಒಳಮೈಗೆ ನನ್ನದೇ ಸೊಟ್ಟ ಅಕ್ಷರ:
ಹೆಸರಿರುವ ಕ್ಯಾನು ಹೆಸರಿನವರಿಗೆ.
ಹೆಸರಿಲ್ಲದ್ದು ಜೀವ ಹೋಗುವವರಿಗೆ.
ಹೋಗುತ್ತಿದೆಯೋ ಇಲ್ಲವೋ, ನೀವೇ ಹೇಳಿಕೊಳ್ಳಿ.

ಕಲಿತದ್ದು ತಪ್ಪಿ ತಪ್ಪಿಯೇ.
ಹಾಲಿನ ಡಬ್ಬಿ ಬಿಸಿಲಿಗೆ ಬಿರಿಯುತ್ತದೆ.
ಕಡಲೆಬೆಣ್ಣೆಯ ಮುಚ್ಚಳ ಇಲಿಗೆ ಬಿಸ್ಕತ್ತು.
ಯಾವನೋ ಹುಡುಗ ಮೀನಿನ ಟಿನ್ನನ್ನು ಕಲ್ಲಲ್ಲಿ ಜಜ್ಜಿ
ಎಣ್ಣೆಯೆಲ್ಲ ಮರಳಿಗೆ ಕುಡಿಸಿದ ಮೇಲೆ
ಒಂದೊಂದು ಪೆಟ್ಟಿಗೆಗೂ ತಂತಿ ಬಿಗಿದು
ಟಿನ್ ತೆರೆಯುವ ಚಾಕು ಕಟ್ಟಿದೆ.

'ಚಿಕ್ಕಮ್ಮಾ, ಇದರಿಂದ ಏನು ಸಿಗುತ್ತೆ?' ಅಂದ ನನ್ನಕ್ಕನ ಮಗ.
ಬೆನ್ನುನೋವು ಅಂದೆ.

ಈ ವಸಂತದಲ್ಲಿ ಆಸ್ಟ್ರಿಡ್ ಹೋಲ್ಮ್ ಬಂದಳು,
ಅರವತ್ತೊಂದು ವರ್ಷ, ಮಂಡಿಗೆ ಪಟ್ಟಿ.
ನನ್ನ ಜೊತೆಯಲ್ಲೇ ಟ್ರಕ್ಕಿನಲ್ಲಿ ಕೂತು
ಐದೂ ಕಡೆ ತನ್ನ ಕ್ಯಾನು ಇಟ್ಟಳು:
ಹೆಸರು, ಏಪ್ರಿಲ್ ಒಂಬತ್ತು, ಹತ್ತು, ಹನ್ನೊಂದು...
ಇಟ್ಟು, ಬೆರಳಿನ ಗೆಣ್ಣಿಂದ ಎರಡು ಸಲ ತಟ್ಟಿದಳು,
ಪಕ್ಕದ ಮನೆಯ ಬಾಗಿಲಿಗೆ ತಟ್ಟುವ ಹಾಗೆ.

ಎರಡನೆಯ ಪೆಟ್ಟಿಗೆಯಾಚೆ ಕಾಲು ಉಳುಕಿತು.
ಫೋನು ಮಾಡಿದ್ದು ಮಗಳ ಮನೆಯಿಂದ.
'ನನ್ನ ನೀರನ್ನೇನು ಮಾಡ್ತೀರಿ?' ಎಂದಳು,
ಬಿಟ್ಟುಬಂದ ನಾಯಿಯನ್ನು ವಿಚಾರಿಸುವ ದನಿಯಲ್ಲಿ.

ಹತ್ತು ದಿನ ಕಾದು ಹೆಸರು ಅಳಿಸುವುದು ಪದ್ಧತಿ.
ಮೂರನೆಯದರಲ್ಲಿ ಸ್ಪಿರಿಟ್ಟಿನಿಂದ ಅಳಿಸಿದೆ.
ನಾಲ್ಕನೆಯದರಲ್ಲೂ.

ಐದನೆಯ ಪೆಟ್ಟಿಗೆ ತೆರೆದರೆ
ಆಸ್ಟ್ರಿಡ್‌ಳ ಕ್ಯಾನು ಅರ್ಧ.
ಸೋರಿದ್ದಲ್ಲ, ತಳ ಒಣಗಿತ್ತು.
ಬಿರಡೆ ಎಷ್ಟು ಬಿಗಿಯಾಗಿತ್ತೆಂದರೆ
ತಿರುಗಿಸುವಾಗ ನನ್ನ ಮಣಿಕಟ್ಟು ಕಟಕ್ಕೆಂದಿತು.
ಒಂದು ಮೀನಿನ ಟಿನ್ನು ಕಮ್ಮಿ.
ಒರೆಸಿ ತಂತಿಗೆ ಮರಳಿ ಸುತ್ತಿದ ಚಾಕು.
ಪುಸ್ತಕದಲ್ಲಿ ಸಹಿಯಿಲ್ಲ, ಗಾಳಿಯಲ್ಲಿ ಹೆಜ್ಜೆಯಿಲ್ಲ.
ಹೆಸರಿಲ್ಲದ ಎಂಟೂ ಕ್ಯಾನು ತುಂಬಿದ್ದವು ಹಾಗೇ.

ನನ್ನ ಅಕ್ಷರ ಓದಲು ಬಾರದವನೋ,
ಓದಿಯೂ ತನ್ನ ಜೀವ ಅಷ್ಟೇನೂ ಹೋಗುತ್ತಿಲ್ಲ ಎಂದುಕೊಂಡವನೋ.
ಯಾರದೋ ಹೆಸರು ಕಂಡು,
ಆಕೆ ಬಂದರೆ ಬೇಕಲ್ಲ ಎಂದು
ಅರ್ಧಕ್ಕೆ ತುಟಿ ಕಿತ್ತವನೋ, ಕಿತ್ತವಳೋ.
ಅರವಟ್ಟಿಗೆಯವಳು ಕುಡಿದವರ ಕುಲಗೋತ್ರ ಕೇಳಬಾರದು, ನಿಜ.
ಆದರೂ ಕೂಗಿಬಿಟ್ಟೆ:
'ಮಂಕೇ, ಪೂರ್ತಿ ಕುಡಿಯಬಾರದಿತ್ತೆ!
ಅವಳು ಬರುವುದಿಲ್ಲ,
ಮಗಳ ಮನೆಯಲ್ಲಿ ಐಸು ಹಾಕಿಕೊಂಡು ಕುಡಿಯುತ್ತಿದ್ದಾಳೆ!'
ಒಂದು ಮೊಲ ಕಿವಿ ನೆಟ್ಟಗೆ ಮಾಡಿತು, ಅಷ್ಟೆ.

ಚೆಲ್ಲಲು ಮನಸ್ಸಾಗಲಿಲ್ಲ.
ಹನ್ನೊಂದು ವರ್ಷ ತುಂಬಿದ್ದೇನೆ, ಹೊತ್ತಿದ್ದೇನೆ,
ಗುಟುಕು ಕುಡಿದವಳಲ್ಲ.
ನನಗೆ ಥರ್ಮಾಸಿದೆ, ತಣ್ಣನೆ ದಾಸವಾಳದ ಷರಬತ್ತಿದೆ.
ಎತ್ತಿದೆ.
ಬೆಚ್ಚಗೆ, ಪ್ಲಾಸ್ಟಿಕ್ ಪ್ಲಾಸ್ಟಿಕ್,
ಮೇ ತಿಂಗಳ ಬಸ್ಸಿನ ಸೀಟಿನ ವಾಸನೆ.
ಇದನ್ನೋ ನಾನು ಕೊಡುತ್ತಿದ್ದದ್ದು?
ಇದಕ್ಕೋ ಅವರೆಲ್ಲ ಪುಸ್ತಕದ ತುಂಬ
ಸ್ವರ್ಗ, ಸ್ವರ್ಗ ಎಂದು ಬರೆದದ್ದು?

ಆಮೇಲೆ ಪೆನ್ನು ಕೊಡವಿ
ಸಾಲು ಹಿಡಿದು ಬರೆದೆ:
ಡೆಲ್ಫಿನಾ. ಅರ್ಧ ಲೀಟರು.
ಜೀವವೇನೂ ಹೋಗುತ್ತಿರಲಿಲ್ಲ.